ಬ್ರೇಕಕ್ಕ ಟಿಪ್ಪಣಿಗೊಂದು ಮನೆ ಹುಡುಕಿದ್ದು

ಬ್ರೇಕಕ್ಕನ ಕಂಪ್ಯೂಟರಿನಿಂದ ಲೈಸೆನ್ಸ್ ಕೊಡುವ ಅಧಿಕಾರಿಯ ಕಂಪ್ಯೂಟರಿಗೆ ಒಂದು ಒಳದಾರಿಯಿದೆ ಎಂಬ ಮಾತು ಊರಿನಲ್ಲಿ ಹಬ್ಬಿತ್ತು. ಕಾರು ಕಲಿಯಲು ಬಂದವರು ಎಲ್ಲಿ ಗೇರು ತಪ್ಪಿಸಿದರು, ಯಾವ ತಿರುವಿನಲ್ಲಿ ಬೆವರಿದರು, ಸಿಗ್ನಲ್ಲಿನಲ್ಲಿ ಯಾರನ್ನು ಬೈದರು ಎಂಬುದನ್ನೆಲ್ಲ ಆಕೆ ಪಾಠ ಮುಗಿದ ಕೂಡಲೇ ಟೈಪು ಮಾಡುತ್ತಾಳಂತೆ. ಪರೀಕ್ಷೆಯ ಹಿಂದಿನ ದಿನ ಅದು ಅಧಿಕಾರಿಯ ಮೇಜು ಸೇರುತ್ತದಂತೆ. ಯಾರು ಪಾಸು ಯಾರು ಫೇಲು ಎಂಬುದು ಕೀಲಿ ತಿರುಗಿಸುವ ಮೊದಲೇ ತೀರ್ಮಾನವಾಗಿರುತ್ತದಂತೆ. ಈ ಮಾತನ್ನು ಹೆಚ್ಚಿನ ಉತ್ಸಾಹದಿಂದ ಹೇಳುತ್ತಿದ್ದವರು ಫೇಲಾದವರೇ. ಪಾಸಾದವರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಹಾಗಿದ್ದರೆ ನನ್ನ ಬಗ್ಗೆ ಒಳ್ಳೆಯದನ್ನೇ ಬರೆದಿರಬೇಕು ಎಂದುಕೊಂಡು ಸುಮ್ಮನಿರುತ್ತಿದ್ದರು.

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ಬೆಂಕಿಯೇನೋ ಇತ್ತು, ಆದರೆ ಅದು ಹತ್ತಿದ್ದು ಬೇರೆ ಕಡೆ. ಆಕೆ ಬರೆಯುತ್ತಿದ್ದುದು ನಿಜ, ಪಾಠ ಮುಗಿದ ಕೂಡಲೇ ಬರೆಯುತ್ತಿದ್ದುದೂ ನಿಜ. ಅಧಿಕಾರಿ ಮಾತ್ರ ಆ ಬರಹದ ಒಂದಕ್ಷರವನ್ನೂ ಕಂಡವನಲ್ಲ. ಓದಬಾರದವರು ಯಾರಾದರೂ ಅದನ್ನು ಓದಿದ್ದರೆ, ಮೊದಲು ಓದಿದವಳು ಆಸ್ಪತ್ರೆಯ ಒಬ್ಬ ನರ್ಸ್. ಅವಳು ಓದಬೇಕಾದದ್ದೇ ಅದು ಎಂಬುದು ಬ್ರೇಕಕ್ಕನಿಗೆ ಹೊಳೆದದ್ದು ತಡವಾಗಿ.

ಬ್ರೇಕಕ್ಕ ಎಂಬ ಹೆಸರು ಬಂದದ್ದು ಆಕೆಯ ಪಾದದ ಬುಡದಿಂದ. ಕಲಿಸುವ ಕಾರಿನಲ್ಲಿ ಚಾಲಕನ ಕಾಲ ಕೆಳಗೆ ಇರುವಂತೆಯೇ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಆಕೆಯ ಬಲಗಾಲು ವರ್ಷಗಳಿಂದ ಅದರ ಮೇಲೆಯೇ ಸುಳಿದಾಡಿಕೊಂಡಿತ್ತು. ಬಸ್ಸಿನಲ್ಲಿ ಕೂತರೂ, ಸೋಫಾದಲ್ಲಿ ಕೂತು ಟಿ.ವಿ. ನೋಡಿದರೂ, ಎದುರಿನಿಂದ ಏನಾದರೂ ವೇಗವಾಗಿ ಬಂದರೆ ಆಕೆಯ ಕಾಲು ನೆಲವನ್ನು ಒತ್ತುತ್ತಿತ್ತು. "ಮನೇಲಿ ನೆಲ ಸವೆದಿರೋದು ಒಂದೇ ಕಡೆ, ಇವಳು ಕೂತ್ಕೊಳ್ಳೋ ಕಡೆ" ಎಂದು ಆಕೆಯ ಗಂಡ ಬಂದವರಿಗೆಲ್ಲ ತೋರಿಸುತ್ತಿದ್ದರು. ಎದುರಿಗೆ ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಬೆನ್ನು ತಿರುಗಿದರೆ ಬ್ರೇಕಕ್ಕ.

ಆಕೆಗೆ ಕಲಿಸುವುದರಲ್ಲಿ ಒಂದು ಪದ್ಧತಿಯಿತ್ತು. ತಪ್ಪನ್ನು ಆಗಿಂದಾಗಲೇ ಹೇಳುತ್ತಿರಲಿಲ್ಲ. ತಪ್ಪು ಮಾಡಿ ಗಾಬರಿಯಾದವನಿಗೆ ತಪ್ಪು ಹೇಳಿದರೆ ಗಾಯದ ಮೇಲೆ ಬರೆ ಎಳೆದಂತೆ ಎನ್ನುವುದು ಆಕೆಯ ನಂಬಿಕೆ. ಆದ್ದರಿಂದ ಬರೆದಿಟ್ಟುಕೊಂಡು, ಮುಂದಿನ ಪಾಠದ ಆರಂಭದಲ್ಲಿ, ಕಾರು ನಿಂತಿರುವಾಗ, ಬೆಲ್ಟು ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಬರೆಯುತ್ತಿದ್ದುದು ಅಂಗೈಯಗಲದ ರಟ್ಟಿನ ಚೀಟಿಗಳಲ್ಲಿ. ಅವನ್ನು ಸಿಕ್ಕಿಸುತ್ತಿದ್ದುದು ಮುಂಗಾಜಿನ ಮೇಲೆ ಬಿಸಿಲು ತಡೆಯಲು ಇರುವ ಮಡಚು ಹಲಗೆಯ ಹಿಂದೆ. ಯಾರಾದರೂ ಗಕ್ಕನೆ ಬ್ರೇಕು ಹಾಕಿದರೆ ಊರಿನ ಅರ್ಧ ಜನರ ಜಾತಕ ಮಡಿಲಿಗೆ ಬೀಳುತ್ತಿತ್ತು. ಹೀಗೆ ಒಬ್ಬರ ಚೀಟಿ ಇನ್ನೊಬ್ಬರ ಮಡಿಲಿಗೆ ಬಿದ್ದರೂ ಗುಟ್ಟು ಬಯಲಾಗದಿರಲಿ ಎಂದು ಆಕೆ ಚೀಟಿಗಳ ಮೇಲೆ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ಅಡ್ಡಹೆಸರು ಬರೆಯುತ್ತಿದ್ದಳು. ಹೇಳಿದ್ದನ್ನೆಲ್ಲ ಜೋರಾಗಿ ಮತ್ತೆ ಹೇಳುತ್ತ ಓಡಿಸುವ ಆಸ್ಪತ್ರೆಯ ಕಾಂಪೌಂಡರ್, 'ಗಿಳಿ'. ಹಿಂದಿನ ವಾಹನ ನೋಡಲು ಇರುವ ಕನ್ನಡಿಯಲ್ಲಿ ತನ್ನ ಕೂದಲನ್ನೇ ನೋಡಿಕೊಳ್ಳುವ ಕ್ಷೌರಿಕ, 'ಚೆಲುವ'. ಮಡಿಲಲ್ಲಿ ಮೊಟ್ಟೆಯ ಬುಟ್ಟಿ ಇಟ್ಟುಕೊಂಡವಳಂತೆ ಎಲ್ಲವನ್ನೂ ಮೆಲ್ಲಗೆ ಮಾಡುವ, ಬ್ರೇಕನ್ನೂ ಮೆಲ್ಲಗೆ ಹಾಕಲು ಹೋಗಿ ತಡಮಾಡುವ ನರ್ಸ್, 'ಮೊಟ್ಟೆ ಬುಟ್ಟಿ'.

ಒಂದೇ ಕಾರು ಇದ್ದಷ್ಟು ಕಾಲ ಚೀಟಿಗಳು ಸಾಕಾಗಿದ್ದವು. ಆಕೆಯ ಅಕ್ಕನ ಮಗಳು ತಾನೂ ಕಲಿಸುತ್ತೇನೆಂದು ಎರಡನೆಯ ಕಾರಿನೊಡನೆ ಬಂದು ಸೇರಿದ ಮೇಲೆ ತೊಡಕು ಶುರುವಾಯಿತು. ಶಿಷ್ಯ ಒಂದು ಕಾರಿನಲ್ಲಿ, ಅವನ ಚೀಟಿ ಇನ್ನೊಂದು ಕಾರಿನಲ್ಲಿ. ಚಿಕ್ಕಮ್ಮ ಚೆಲುವನಿಗೆ ಏರಿನಲ್ಲಿ ನಿಲ್ಲಿಸಿ ಹೊರಡುವುದನ್ನು ಕಲಿಸಿದ ಮರುದಿನವೇ ಅಕ್ಕನ ಮಗಳೂ ಅದನ್ನೇ ಮೊದಲಿಂದ ಕಲಿಸಿದಳು. ಚೆಲುವ ಸುಮ್ಮನೆ ಕೇಳಿಸಿಕೊಂಡು, ಇಳಿಯುವಾಗ, "ಇಬ್ರೂ ಚೆನ್ನಾಗಿ ಹೇಳ್ಕೊಡ್ತೀರ, ಆದ್ರೆ ಒಬ್ಬರಿಗೊಬ್ಬರು ಮಾತು ಬಿಟ್ಟಿದೀರ ಅನ್ಸುತ್ತೆ" ಎಂದ. ಆ ಮಾತು ಚುಚ್ಚಿತು. ಟಿಪ್ಪಣಿಗಳು ಕಂಪ್ಯೂಟರಿಗೆ ಹೋಗಬೇಕು, ಅದಕ್ಕೊಂದು ತಂತ್ರಾಂಶ ಆರಿಸಬೇಕು ಎಂದು ಆಕೆ ಆ ಸಂಜೆಯೇ ಅಡುಗೆಮನೆಯ ಮೇಜಿನ ಮುಂದೆ ಪ್ರಕಟಿಸಿದಳು. ಮನೆಯಲ್ಲಿ ಜಗಳಕ್ಕೆ ವಿಷಯ ಬೇಕಿತ್ತೋ ಏನೋ, ಅದು ಸಿಕ್ಕಿತು.

ಗಂಡ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಸಂಖ್ಯೆ ಕೊಟ್ಟು ವಿಂಗಡಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಜಗತ್ತಿನಲ್ಲಿರುವ ಎಲ್ಲಕ್ಕೂ ಒಂದು ಕಪಾಟು, ಕಪಾಟಿನೊಳಗೊಂದು ಅರೆ, ಅರೆಯೊಳಗೊಂದು ಜಾಗ ಇದೆಯೆಂಬುದು ಅವರ ಸಿದ್ಧಾಂತ. ಫೋಲ್ಡರಿನೊಳಗೆ ಫೋಲ್ಡರು ಇಡುವ ಒಂದು ತಂತ್ರಾಂಶವನ್ನು ಅವರೇ ಹುಡುಕಿ ತಂದರು. ಕಾರು, ಕಾರಿನೊಳಗೆ ತಿಂಗಳು, ತಿಂಗಳೊಳಗೆ ಪಾಠದ ಹಂತ, ಹಂತದೊಳಗೆ ಶಿಷ್ಯ.

"ಒಂದು ವಸ್ತುಗೆ ಒಂದೇ ಜಾಗ. ಎರಡು ಕಡೆ ಇಟ್ರೆ ಎರಡು ಕಡೆನೂ ಸಿಗಲ್ಲ" ಎಂದರು.

"ರೀ, ನನ್ನ ಶಿಷ್ಯರು ಪುಸ್ತಕ ಅಲ್ಲ, ಇಟ್ಟ ಜಾಗದಲ್ಲಿ ನಿಲ್ಲಲ್ಲ. ನಿಲ್ಲೋ ಹಾಗಿದ್ರೆ ನನಗೇನು ಕೆಲಸ ಇತ್ತು?"

ಆದರೂ ಆಕೆ ಕೆಲವು ವಾರ ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಗಿಳಿ ರಿವರ್ಸ್ ಕಲಿಯುತ್ತಿದ್ದಾನೋ ಏರು ಕಲಿಯುತ್ತಿದ್ದಾನೋ ನೆನಪಿದ್ದರೆ ಮಾತ್ರ ಗಿಳಿ ಸಿಗುತ್ತಿದ್ದ. ನೆನಪಿದ್ದ ಮೇಲೆ ಟಿಪ್ಪಣಿಯೇ ಬೇಕಾಗಿರಲಿಲ್ಲ. ಪುಟ ಹುಡುಕುವಷ್ಟರಲ್ಲಿ ಶಿಷ್ಯ ಬೆಲ್ಟು ಹಾಕಿ, ಕನ್ನಡಿ ಸರಿಪಡಿಸಿ, ಕೆಮ್ಮಿ, ಹೊರಗೆ ನೋಡತೊಡಗಿರುತ್ತಿದ್ದ.

ಅಕ್ಕನ ಮಗಳು ಇದಕ್ಕಾಗಿಯೇ ಕಾದಿದ್ದಳು. ಅವಳು ತಂದ ತಂತ್ರಾಂಶದಲ್ಲಿ ಕಪಾಟೇ ಇಲ್ಲ. ಒಂದು ಟಿಪ್ಪಣಿಗೆ ಬೇಕಾದಷ್ಟು ಹಣೆಪಟ್ಟಿ ಅಂಟಿಸಬಹುದು, ಒಂದು ಪುಟವನ್ನು ಇನ್ನೊಂದಕ್ಕೆ ಗಂಟು ಹಾಕಬಹುದು. ಗುಂಡಿಯೊಂದನ್ನು ಒತ್ತಿದರೆ ಎಲ್ಲ ಪುಟಗಳೂ ಚುಕ್ಕಿಗಳಾಗಿ, ಗಂಟುಗಳು ಎಳೆಗಳಾಗಿ ಪರದೆಯ ತುಂಬ ಹರಡಿಕೊಳ್ಳುತ್ತಿದ್ದವು. ಹೆಚ್ಚು ಗಂಟಿರುವ ಚುಕ್ಕಿ ದಪ್ಪಗೆ ಕಾಣುತ್ತಿತ್ತು.

"ಇದೇನಮ್ಮ, ಜೇಡರ ಬಲೆ" ಎಂದರು ಚಿಕ್ಕಪ್ಪ.

"ನೊಣ ಸಿಗೋದು ಬಲೇಲೇ ಚಿಕ್ಕಪ್ಪ, ಬೀರುವಲ್ಲಿ ಅಲ್ಲ."

ಬ್ರೇಕಕ್ಕನಿಗೆ ಇದು ಹಿಡಿಸಿತು. ಆಕೆ ತನ್ನ ಕಾಲು ಎರಡನೆಯ ಬ್ರೇಕಿನ ಮೇಲೆ ಬಿದ್ದಾಗಲೆಲ್ಲ ಚೀಟಿಯಲ್ಲಿ 'ಕಾಲು' ಎಂದು ಬರೆಯುತ್ತಿದ್ದಳು: 'ಬೇಕರಿ ತಿರುವು, ಕಾಲು', 'ಶಾಲೆಯ ಮುಂದೆ, ಕಾಲು'. ಅದೇ ಆಕೆಯ ಅಳತೆಗೋಲು. ಕಾಲು ಬೀಳದ ಪಾಠವೇ ಒಳ್ಳೆಯ ಪಾಠ. ಈಗ ಅದನ್ನು ಹಣೆಪಟ್ಟಿ ಮಾಡಿದಳು. ಗುಂಡಿ ಒತ್ತಿದಾಗ ಪರದೆಯ ನಡುವೆ ಎಲ್ಲಕ್ಕಿಂತ ದಪ್ಪಗೆ ಕೂತದ್ದು ಮೊಟ್ಟೆ ಬುಟ್ಟಿ.

"ನೋಡು, ನಾನು ಹೇಳಿರ್ಲಿಲ್ವಾ? ಇವಳೇ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಚಿಂತೆಯಿತ್ತು.

ಚಿಂತೆಗೆ ಕಾರಣವಿತ್ತು. ನರ್ಸ್ ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದಳು, ಎರಡು ಸಲವೂ ಅಧಿಕಾರಿಯೇ ತನ್ನ ಬದಿಯ ಬ್ರೇಕು ಒತ್ತಬೇಕಾಗಿ ಬಂದು. ಅವನ ಕಾಲು ಬಿದ್ದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಆಸ್ಪತ್ರೆಯಲ್ಲಿ, ನಡೆಯಲಾಗದ ರೋಗಿಗಳನ್ನು ಮನೆಗೇ ಹೋಗಿ ನೋಡಿಕೊಳ್ಳುವ ಹೊಸ ಕೆಲಸವೊಂದು ತೆರೆದಿತ್ತು. ಹಗಲಿನ ಕೆಲಸ, ಕಾರು ಆಸ್ಪತ್ರೆಯದು, ಲೈಸೆನ್ಸ್ ಮಾತ್ರ ತನ್ನದಿರಬೇಕು. ಈಗಿನ ರಾತ್ರಿ ಪಾಳಿಯಲ್ಲಿ ಅವಳ ಮಗಳು ಶಾಲೆಯಿಂದ ಮೆಟ್ಟಿಲು ಹತ್ತಿ ಬರುವಾಗ ಅವಳು ಮೆಟ್ಟಿಲು ಇಳಿದು ಹೊರಟಿರುತ್ತಿದ್ದಳು. ತಾಯಿ ಮಗಳ ಭೇಟಿ ಮೆಟ್ಟಿಲ ತಿರುವಿನಲ್ಲಿ ಆಗುತ್ತಿತ್ತು. ಮೂರನೆಯ ಪರೀಕ್ಷೆಯನ್ನೂ ದಾಟದಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುವುದು ಖಚಿತವಾಗಿತ್ತು. "ಇದೊಂದು ಸಲ ದಡ ಸೇರಿಸಿಬಿಡಿ ಅಕ್ಕ" ಎಂದು ಅವಳು ಕೇಳಿದ್ದಳು. "ಸೇರಿಸ್ತೀನಿ" ಎಂದು ಬ್ರೇಕಕ್ಕ ಮಾತು ಕೊಟ್ಟಿದ್ದಳು. ಸುಲಭಕ್ಕೆ ಮಾತು ಕೊಡುವವಳಲ್ಲ ಆಕೆ.

ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡಬಹುದಾದ ಒಂದು ಅಭ್ಯಾಸವನ್ನು ಆಕೆ ಅವಳಿಗಾಗಿ ಬರೆದಳು: ಕಾಲನ್ನು ಒಂದು ಪೆಡಲಿನಿಂದ ಇನ್ನೊಂದಕ್ಕೆ, ಹಿಮ್ಮಡಿ ಎತ್ತದೆ, ತಿರುಗಿಸುವುದು. ಆ ಪುಟವನ್ನು ಹೊಸ ತಂತ್ರಾಂಶದಿಂದಲೇ ನರ್ಸಿನ ಫೋನಿಗೆ ಕಳಿಸಿದಳು. ಆ ತಂತ್ರಾಂಶದ ಗುಣವೋ ಅವಗುಣವೋ, ಒಂದು ಪುಟವನ್ನು ಕಳಿಸಿದರೆ ಅದಕ್ಕೆ ಗಂಟು ಹಾಕಿದ ಪುಟಗಳೂ ದಾರ ಎಳೆದಂತೆ ಹಿಂದೆಯೇ ಹೊರಡುತ್ತಿದ್ದವು. ಅಭ್ಯಾಸದ ಪುಟವನ್ನು ಆಕೆ 'ಕಾಲು' ಎಂಬುದಕ್ಕೆ ಗಂಟು ಹಾಕಿದ್ದಳು. 'ಕಾಲು' ಎಲ್ಲರ ಪುಟಕ್ಕೂ ಗಂಟು ಬಿದ್ದಿತ್ತು.

ನರ್ಸ್ ಮುಂದಿನ ಪಾಠಕ್ಕೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಬಂದವನು ಕಾಂಪೌಂಡರ್. ಬೆಲ್ಟು ಹಾಕಿಕೊಳ್ಳದೆ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತ.

"ಬೆಲ್ಟು" ಎಂದಳು ಬ್ರೇಕಕ್ಕ.

"ಬೆಲ್ಟು" ಎಂದ ಅವನು, ಅಭ್ಯಾಸಬಲದಿಂದ. ಆಮೇಲೆ ತಾನು ಆಡಿದ್ದು ತನಗೇ ಕೇಳಿಸಿ ಮುಖ ಕೆಂಪಾಯಿತು. "ನೋಡಿ, ಇದಕ್ಕೇ ತಾನೆ ಗಿಳಿ ಅಂತ ಇಟ್ಟಿರೋದು? ನರ್ಸಮ್ಮ ತೋರ್ಸಿದ್ರು. ನನ್ನದು, ಆ ಕಟಿಂಗ್ ಶಾಪಿನವಂದು, ಎಲ್ಲರದ್ದೂ ಇದೆ. ಇದನ್ನೇ ಅಲ್ವಾ ಅಧಿಕಾರಿಗೂ ಕಳ್ಸೋದು? ಅದಕ್ಕೇ ಅವರು ಎರಡು ಸಲ ಡುಮ್ಕಿ ಹೊಡೆದಿದ್ದು."

ಇಲ್ಲಪ್ಪ ಎಂದು ಹೇಳಲು ಆಕೆ ಬಾಯಿ ತೆರೆದಳು. ಅಷ್ಟರಲ್ಲಾಗಲೇ ಊರಿನ ಬಾಯಿ ತೆರೆದುಕೊಂಡಿತ್ತು. ಕಡ್ಡಿ ಗುಡ್ಡವಾಗಲು ವಾರವೇ ಬೇಕಾಗಲಿಲ್ಲ. ಅಕ್ಕನ ಮಗಳು ಹಂಚಿಕೆಯ ಬಾಗಿಲು ಮುಚ್ಚಿ, ಎಲ್ಲ ಗಂಟು ಬಿಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, "ನಾನು ಮೊದ್ಲೇ ನೋಡ್ಬೇಕಿತ್ತು ಚಿಕ್ಕಮ್ಮ" ಎಂದಳು. ಗಂಡ, "ಬೀರುವಿಗಾದ್ರೆ ಬೀಗ ಇರ್ತಿತ್ತು" ಎಂದರು. ಆಕೆ ಇಬ್ಬರನ್ನೂ ಗದರಿಸಲಿಲ್ಲ. ಊರು ಏನನ್ನುತ್ತದೆ ಎಂಬುದು ಆಕೆಗೆ ಅಷ್ಟಾಗಿ ನಾಟಿರಲಿಲ್ಲ. ನಾಟಿದ್ದು ಬೇರೆ: ಪರೀಕ್ಷೆ ಹತ್ತಿರ ಬರುತ್ತಿತ್ತು, ಕೊಟ್ಟ ಮಾತು ಹಾಗೆಯೇ ಇತ್ತು, ನರ್ಸಿನ ಪಾಠದ ಹೊತ್ತಿಗೆ ಚಾಲಕನ ಸೀಟು ಬರಿದಾಗಿತ್ತು.

ಕೊನೆಗೊಂದು ಬೆಳಿಗ್ಗೆ, ಪಾಳಿ ಬದಲಾಗುವ ಹೊತ್ತಿಗೆ, ಆಕೆ ಕಾರನ್ನು ಆಸ್ಪತ್ರೆಯ ಹಿಂಬಾಗಿಲಿನ ಎದುರು ನಿಲ್ಲಿಸಿದಳು. ತೊಳೆಯಲು ಹಾಕುವ ಚಾದರಗಳ ಗಾಡಿಗಳ ನಡುವೆ ನರ್ಸ್ ಹೊರಬಂದಳು, ಕಾರನ್ನು ಕಂಡಳು, ನಿಂತಳು.

"ತಪ್ಪಾಯ್ತಮ್ಮ" ಎಂದಳು ಬ್ರೇಕಕ್ಕ, ಕಾರಿನಿಂದ ಇಳಿದು. "ಆ ಹೆಸರು ಇಡಬಾರದಿತ್ತು."

"ಮೊಟ್ಟೆ ಬುಟ್ಟಿ ಅಂದಿದ್ದಕ್ಕೆ ನನಗೇನೂ ಬೇಜಾರಿಲ್ಲ ಅಕ್ಕ. ಮಗಳಿಗೆ ಹೇಳ್ದೆ, ಬಿದ್ದುಬಿದ್ದು ನಕ್ಕಳು. ನಾವು ವಾರ್ಡಲ್ಲಿ ಡಾಕ್ಟರಿಗೆ ಇಟ್ಟಿರೋ ಹೆಸರು ಕೇಳಿದ್ರೆ ನೀವು ಈ ಕಡೆ ತಲೆನೇ ಹಾಕಲ್ಲ."

"ಮತ್ತೆ ಯಾಕೆ ಬರ್ಲಿಲ್ಲ?"

ನರ್ಸ್ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡಳು. "ಬೇಕರಿ ತಿರುವು, ಕಾಲು ಅಂತ ಬರ್ದಿದೀರ. ಅವತ್ತು ಆ ಸೈಕಲ್ ನನಗೂ ಕಾಣಿಸ್ತು ಅಕ್ಕ. ನನ್ನ ಕಾಲೂ ಎದ್ದಿತ್ತು. ನಿಮ್ಮದು ಮೊದಲು ಬಿತ್ತು. ಶಾಲೆ ಮುಂದೆನೂ ಅಷ್ಟೆ. ಪ್ರತಿ ಸಲ ನಾನು ಒತ್ತೋ ಹೊತ್ತಿಗೆ ಕಾರು ನಿಂತಿರುತ್ತೆ. ನಾನು ನಿಲ್ಲಿಸ್ತಿದ್ನೋ ಇಲ್ವೋ ನನಗೇ ಗೊತ್ತಿಲ್ಲ. ಓದ್ತಾ ಓದ್ತಾ ಅನ್ನಿಸ್ತು, ಇಷ್ಟು ದಿನ ಇಲ್ಲಿ ಓಡ್ಸಿದ್ದು ನಾನಲ್ಲ, ನಿಮ್ಮ ಕಾಲು."

ಬ್ರೇಕಕ್ಕ ತನ್ನ ಬಲಗಾಲನ್ನು ನೋಡಿಕೊಂಡಳು.

"ವಾರ್ಡಲ್ಲಿ ನಾನೂ ದಿನಾ ಬರೀತೀನಿ. ನೋವು ಎಷ್ಟಿದೆ ಅಂತ ಬರೆಯೋ ಮುಂಚೆ ಆ ರೋಗೀನೇ ಕೇಳ್ತೀನಿ. ಮುಖ ನೋಡಿ ನಾನೇ ಬರ್ಕೊಂಡು ಹೋಗಲ್ಲ. ನೀವು ನನ್ನನ್ನ ಒಂದು ದಿನನಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ತಪ್ಪನ್ನು ಯಾವಾಗ ಹೇಳಬೇಕು ಎಂದು ಅಷ್ಟೆಲ್ಲ ಯೋಚಿಸಿದವಳು, ಅದು ಯಾರ ತಪ್ಪು ಎಂದು ಯೋಚಿಸಿರಲಿಲ್ಲ. ಕಾಲು ತನ್ನದು, ಭಯ ತನ್ನದು, ಹಣೆಪಟ್ಟಿ ಮಾತ್ರ ಮಡಿಲಲ್ಲಿ ಮೊಟ್ಟೆ ಹೊತ್ತವಳಿಗೆ. ಪರದೆಯ ಮೇಲಿನ ಆ ದಪ್ಪ ಚುಕ್ಕಿ ಆಕೆಗೆ ನೆನಪಾಯಿತು. ಅದು ನರ್ಸಿನದು ಎಂದು ಆಕೆ ಓದಿಕೊಂಡಿದ್ದಳು, ತನ್ನದೂ ಆಗಿರಬಹುದಿತ್ತು.

"ಕಾರು ಹತ್ತು" ಎಂದಳು. "ನಿದ್ದೆಗೆ ಹೋಗ್ಬೇಕಾ?"

"ನಿದ್ದೆ ಎಲ್ಲಿ ಬರುತ್ತೆ? ಹೋಗೋಣ."

ಸಗಟು ಅಂಗಡಿಗಳ ಹಿಂದೆ, ಬೆಳಗಿನ ಲಾರಿಗಳು ಹೋದ ಮೇಲೆ ಖಾಲಿ ಬೀಳುವ ಒಂದು ವಿಶಾಲ ಅಂಗಳವಿತ್ತು. ಅಲ್ಲಿ ಬಿಸಾಡಿದ್ದ ರಟ್ಟಿನ ಪೆಟ್ಟಿಗೆಗಳನ್ನು ಇಬ್ಬರೂ ಸೇರಿ ದೂರದೂರಕ್ಕೆ ಸಾಲಾಗಿ ನಿಲ್ಲಿಸಿದರು. ಕಾರಿಗೆ ಹತ್ತಿ ಕೂತ ಬ್ರೇಕಕ್ಕ ತನ್ನ ಬಲಗಾಲನ್ನು ಎರಡು ಕೈಯಲ್ಲೂ ಎತ್ತಿ, ಬೇರೆ ಯಾರದೋ ಸಾಮಾನೆಂಬಂತೆ, ಬಾಗಿಲ ಪಕ್ಕಕ್ಕೆ ಸರಿಸಿಟ್ಟುಕೊಂಡಳು.

"ಹೋಗು. ಪೆಟ್ಟಿಗೆ ಮುಂದೆ ನಿಲ್ಲಿಸು. ನಾನು ಒತ್ತಲ್ಲ."

"ಖಂಡಿತ?"

"ಕಾಲಿನ ಮೇಲೆ ಆಣೆ."

ಮೊದಲ ಪೆಟ್ಟಿಗೆ ಚಪ್ಪಟೆಯಾಯಿತು. ಆಕೆಯ ಕಾಲು ಬಾಗಿಲಿನ ಬದಿಯಲ್ಲಿ ನೆಲವನ್ನು ಒತ್ತಿಕೊಂಡೇ ಇತ್ತು. ಒತ್ತಿದ್ದಕ್ಕೆ ಕಾರು ನಿಲ್ಲಲಿಲ್ಲ. ನರ್ಸ್ ಇಳಿದು ಹೋಗಿ ಪೆಟ್ಟಿಗೆಯನ್ನು ನೋಡಿ ಬಂದಳು, ವಾರ್ಡಿನಲ್ಲಿ ಹೊಸ ರೋಗಿಯನ್ನು ನೋಡುವವಳ ಹಾಗೆ, ಗಾಬರಿಯಿಲ್ಲದೆ. "ಇದು ನಾನೇ" ಎಂದಳು. ಎರಡನೆಯ ಪೆಟ್ಟಿಗೆಯನ್ನು ಬಂಪರು ಮುಟ್ಟಿತು, ಮುರಿಯಲಿಲ್ಲ. ಮೂರನೆಯದರ ಮುಂದೆ ಕಾರು ಜರ್‍ರೆಂದು ನಿಂತು ಇಬ್ಬರೂ ಮುಂದಕ್ಕೆ ಜೋಲಿ ಹೊಡೆದರು. ಬುಟ್ಟಿಯಲ್ಲಿ ಮೊಟ್ಟೆಗಳಿದ್ದಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಅವಳು ಅಷ್ಟು ಜೋರಾಗಿ ಬ್ರೇಕು ಹಾಕಿದ್ದನ್ನು ಬ್ರೇಕಕ್ಕ ನೋಡಿದ್ದು ಅದೇ ಮೊದಲು. ಮುಂದಿನ ಪೆಟ್ಟಿಗೆಗಳ ಎದುರು ಕಾರು ಮರ್ಯಾದೆಯಿಂದ ನಿಂತಿತು.

ಕಾರು ನಿಂತಾಗ ಬ್ರೇಕಕ್ಕ ತನ್ನ ಫೋನನ್ನು ಅವಳ ಕೈಗೆ ಕೊಟ್ಟಳು. "ನೀನೇ ಬರಿ" ಎಂದಳು. ನರ್ಸ್ ಬರೆದದ್ದು ಚುಟುಕಾಗಿತ್ತು: 'ಮೊದಲ ಪೆಟ್ಟಿಗೆ ಹೋಯಿತು, ನಾನೇ. ಮೂರನೆಯದು ಉಳಿಯಿತು, ನಾನೇ.'

ಮನೆಗೆ ಬಂದ ಆಕೆ ತಂತ್ರಾಂಶದ ಚರ್ಚೆಯನ್ನು ಮತ್ತೆ ಅಡುಗೆಮನೆಯ ಮೇಜಿಗೆ ತಂದಳು. ಈ ಸಲ ಪ್ರಶ್ನೆ ಬದಲಾಗಿತ್ತು. ಟಿಪ್ಪಣಿ ಎಲ್ಲಿ ಇಡಬೇಕು ಎನ್ನುವುದು ಗಂಡನ ಪ್ರಶ್ನೆಯಾಗಿತ್ತು. ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಎನ್ನುವುದು ಅಕ್ಕನ ಮಗಳದು. ಆಕೆ ಕೇಳಿದ್ದು ಯಾರು ಬರೆಯಬೇಕು, ಯಾರು ಓದಬೇಕು ಎಂದು.

"ಒಬ್ಬರಿಗೆ ಒಂದೇ ಪುಟ. ಅದು ಅವರಿಗೆ ಮತ್ತು ನಮಗೆ ಮಾತ್ರ ಕಾಣ್ಬೇಕು. ಅವರೂ ಬರೀಬೇಕು, ನಾವೂ ಬರೀಬೇಕು. ಯಾವ ಸಾಲು ಯಾರದ್ದು ಅಂತ ತಿಳೀಬೇಕು. ಇಂಥದ್ದು ಇದೆಯಾ?"

ಅಕ್ಕನ ಮಗಳು ಹುಡುಕಿದಳು. ಇತ್ತು. ನೋಡಲು ಬೋಳುಬೋಳಾಗಿತ್ತು: ಬಲೆಯಿಲ್ಲ, ಬಣ್ಣವಿಲ್ಲ, ಮೇಲಿಂದ ಕೆಳಕ್ಕೆ ಉದ್ದಕ್ಕೆ ಇಳಿಯುವ ಪುಟ, ಪ್ರತಿ ಸಾಲಿನ ಅಂಚಿನಲ್ಲಿ ಬರೆದವರ ಗುರುತು. "ಎಷ್ಟು ಹಳೇ ಕಾಲದ್ದು ಚಿಕ್ಕಮ್ಮ" ಎಂದು ಮೂಗು ಮುರಿದಳು. "ವರ್ಗೀಕರಣಾನೇ ಇಲ್ಲ" ಎಂದು ಗಂಡ ನಿಟ್ಟುಸಿರಿಟ್ಟರು. ಇಬ್ಬರಿಗೂ ಸಮಾಧಾನವಾಗಲಿಲ್ಲವೆಂದರೆ ಆಯ್ಕೆ ಸರಿಯಿರಬೇಕು ಎಂದುಕೊಂಡು ಆಕೆ ಅದನ್ನೇ ಹಾಕಿಸಿಕೊಂಡಳು. ಹಳೆಯ ಟಿಪ್ಪಣಿಗಳನ್ನು ತಾನೇ ಕೂತು ಹೊಸದಕ್ಕೆ ಇಳಿಸಿದಳು. 'ಕಾಲು' ಎಂಬ ಮಾತು ಬಂದಲ್ಲೆಲ್ಲ ಅದರ ಮುಂದೆ 'ಯಾರದು?' ಎಂದು ಸೇರಿಸಿದಳು. ಕೆಲವಕ್ಕೆ ಮಾತ್ರ ಆಕೆಗೆ ಉತ್ತರ ನೆನಪಿತ್ತು.

ಪರೀಕ್ಷೆಯವರೆಗೂ ನರ್ಸ್ ಮೊದಲು ಆ ಅಂಗಳದಲ್ಲಿ, ಆಮೇಲೆ ಬೀದಿಗಳಲ್ಲಿ ಓಡಿಸಿದಳು. ಬೀದಿಯಲ್ಲಿ ಕಾಲನ್ನು ಪೆಡಲಿನಿಂದ ಸರಿಸಿಡುವಂತಿರಲಿಲ್ಲ. ಆದ್ದರಿಂದ ಬ್ರೇಕಕ್ಕ ಅದನ್ನು ಪೆಡಲಿನ ಮೇಲೆಯೇ ಇಟ್ಟು ತಡೆಯುವುದನ್ನು ಕಲಿಯಬೇಕಾಯಿತು. ನಿಜವಾಗಿ ಬೇಕಾಗುವವರೆಗೆ ತಡೆಯುವುದು, ಅದಕ್ಕಿಂತ ಒಂದು ಚೂರೂ ಹೆಚ್ಚು ತಡೆಯದಿರುವುದು. ಆ ವಯಸ್ಸಿನಲ್ಲಿ ಅದು ಸುಲಭದ ಪಾಠವಲ್ಲ. ಒಂದು ಸಂಜೆ ನರ್ಸ್ ತನ್ನ ಪುಟದಲ್ಲಿ, 'ಇವತ್ತು ಅಕ್ಕ ಪಾಸು' ಎಂದು ಬರೆದಿದ್ದಳು.

ಮೂರನೆಯ ಪರೀಕ್ಷೆಯಲ್ಲಿ ಅಧಿಕಾರಿಯ ಕಾಲು ಬೀಳಲಿಲ್ಲ. ವಾಹನ ಅತಿ ನಿಧಾನ ಎಂದು ಷರಾ ಬರೆದು ಅವನು ಪಾಸು ಮಾಡಿದ.

ಈಗ ನರ್ಸ್ ಹಗಲಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುತ್ತಾಳೆ. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರುತ್ತಾಳೆ, ಕೆಲವೊಮ್ಮೆ ತಡವಾಗುತ್ತದೆ. ಓಡಿಸುವುದು ಇವತ್ತಿಗೂ ಮೊಟ್ಟೆ ಹೊತ್ತವಳಂತೆಯೇ. ಅವಳ ಪುಟವನ್ನು ಅಳಿಸಿಲ್ಲ, ಅವಳೇ ಬೇಡವೆಂದಳು. ಗಂಡನ ಫೋಲ್ಡರುಗಳಲ್ಲಿ ಎರಡೂ ಕಾರುಗಳ ವಿಮೆಯ ಕಾಗದಗಳಿವೆ, ಕೇಳಿದ ಕೂಡಲೇ ಸಿಗುತ್ತವೆ. ಅಕ್ಕನ ಮಗಳು ತನ್ನ ಬಲೆಯಲ್ಲಿ ಊರಿನ ಬೀದಿಗಳನ್ನು ಗಂಟು ಹಾಕುತ್ತಿದ್ದಾಳೆ, ಶಿಷ್ಯರನ್ನಲ್ಲ. ಹೊಸ ಶಿಷ್ಯರಿಗೆ ಮೊದಲ ದಿನವೇ ಅವರ ಖಾಲಿ ಪುಟ ತೋರಿಸಲಾಗುತ್ತದೆ. ಕೆಲವರು ಏನೂ ಬರೆಯುವುದಿಲ್ಲ. ಚೆಲುವ ಬರೆಯುವುದೆಲ್ಲ ನೆಪಗಳೇ. ಗಿಳಿ ಬ್ರೇಕಕ್ಕ ಬರೆದ ಸಾಲನ್ನೇ ಕೆಳಗೆ ಮತ್ತೆ ಬರೆಯುತ್ತಾನೆ; ಅವನ ಪರೀಕ್ಷೆ ಇನ್ನೂ ಆಗಬೇಕಿದೆ. ಅಧಿಕಾರಿಯ ಕಂಪ್ಯೂಟರಿಗೆ ಒಳದಾರಿಯಿದೆ ಎಂಬ ಮಾತು ಊರಿನಲ್ಲಿ ಹಾಗೆಯೇ ಇದೆ.